ಅಂಗಡಿಗೆ ಯಾವ ಕ್ರೆಡಿಟ್ ಕಾರ್ಡ್? ಬಿಸಿನೆಸ್ ಕಾರ್ಡ್ ಬೇಕಾ, ನಿಮ್ಮದೇ ಕಾರ್ಡ್ ಸಾಕಾ, ಓಡಿನೇ ವಾಸಿನಾ?

ಆಷಾಢ ಬಂತೆಂದರೆ ನನ್ನ ಪ್ರೆಸ್ಸಿನ ಮೆಷಿನ್ ಮಲಗಿಬಿಡುತ್ತದೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಲಗ್ನಪತ್ರಿಕೆ ಕೇಳಿಕೊಂಡು ಬರುವವರೂ ಇಲ್ಲ. ಆದರೆ ಮದುವೆ ಸೀಸನ್ನಿಗೆಂದು ಶಿವಕಾಶಿಯಿಂದ ತರಿಸಿದ ಕಾರ್ಡುಗಳ ದುಡ್ಡು ಕಟ್ಟುವ ದಿನ ಮಾತ್ರ ಸರಿಯಾಗಿ ಅಲ್ಲಿಗೇ ಬಂದು ಬೀಳುತ್ತದೆ. ದಾವಣಗೆರೆಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡು ವರ್ಷಗಳಾದವು. ಈ ಲೆಕ್ಕ ಅರ್ಥವಾಗಲು ನನಗೆ ಮೂರು ಕ್ರೆಡಿಟ್ ಕಾರ್ಡು, ಒಂದು ಓಡಿ (ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ದುಡ್ಡನ್ನು ಬ್ಯಾಂಕ್ ಒಪ್ಪಿದ ಮಿತಿಯವರೆಗೆ ತೆಗೆಯುವ ಸಾಲ), ಮತ್ತೆ ಹತ್ತಿರ ಹತ್ತಿರ 17 ಸಾವಿರ ರೂಪಾಯಿ ದಂಡ ಬೇಕಾಯಿತು. ದಂಡದ ಕಥೆ ಆಮೇಲೆ ಹೇಳುತ್ತೇನೆ.

ಪಕ್ಕದ ಅಂಗಡಿಯವರು, ಹೊಸದಾಗಿ ಡಿಸೈನಿಂಗ್ ಶುರು ಮಾಡಿದ ಹುಡುಗರು, ಮನೆಯಿಂದಲೇ ಮಸಾಲೆ ಪುಡಿ ಮಾರುವ ಅಕ್ಕಂದಿರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಬಿಸಿನೆಸ್ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಲಾ? ಯಾವುದು ಒಳ್ಳೆಯದು? ನಾನು ತಿರುಗಿಸಿ ಕೇಳುವುದು ಬೇರೆ. ನಿಮ್ಮ ಗಿರಾಕಿ ನಿಮಗೆ ದುಡ್ಡು ಕೊಡುವುದು ಎಷ್ಟು ದಿನಕ್ಕೆ? ಇದಕ್ಕೆ ಉತ್ತರ ಗೊತ್ತಿದ್ದರೆ ಯಾವ ಕಾರ್ಡ್ ಅನ್ನುವುದು ಅರ್ಧ ತೀರ್ಮಾನವಾದ ಹಾಗೆ. ಗೊತ್ತಿಲ್ಲದಿದ್ದರೆ ಪಾಯಿಂಟ್ಸು, ಏರ್‌ಪೋರ್ಟ್ ಲೌಂಜು, ಕ್ಯಾಶ್‌ಬ್ಯಾಕ್ ಎಲ್ಲ ಸುಮ್ನೆ. (ಲೌಂಜ್ ಬಗ್ಗೆ ಹೇಳಬೇಕೆಂದರೆ, ನಮ್ಮೂರಿನವರು ವಿಮಾನ ಹತ್ತಲು ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಅದಕ್ಕಾಗಿ ವರ್ಷಕ್ಕೆ ಸಾವಿರಗಟ್ಟಲೆ ಫೀ ಕಟ್ಟುವವರನ್ನು ನೋಡಿದ್ದೇನೆ.)

ಅಂಗಡಿ ಬೇರೆ, ನಾನು ಬೇರೆ?

ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬರೇ ಮಾಲೀಕರಾಗಿರುವ ಅಂಗಡಿ, ಅಂದರೆ ಪ್ರೊಪ್ರೈಟರ್‌ಶಿಪ್, ಕಾನೂನಿನ ಕಣ್ಣಲ್ಲಿ ನಿಮ್ಮಿಂದ ಬೇರೆಯಾದ ವಸ್ತುವಲ್ಲ. ಬೋರ್ಡಿನ ಮೇಲೆ ಏನೇ ಹೆಸರಿರಲಿ, ಪ್ಯಾನ್ ನಿಮ್ಮದೇ, ಐಟಿಆರ್ (ಆದಾಯ ತೆರಿಗೆ ರಿಟರ್ನ್) ನಿಮ್ಮದೇ, ಸಾಲವೂ ನಿಮ್ಮದೇ. ಕಾರ್ಡಿನ ಮೇಲೆ ಅಂಗಡಿ ಹೆಸರು ಅಚ್ಚು ಹಾಕಿಸಿಕೊಂಡರೂ ಕಟ್ಟದಿದ್ದರೆ ಬ್ಯಾಂಕ್ ಬರುವುದು ನಿಮ್ಮ ಮನೆ ಬಾಗಿಲಿಗೆ, ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ಕಟ್ಟುತ್ತೀರಾ ಎಂದು ತೋರಿಸುವ ಅಂಕ) ಬೀಳುವುದು ನಿಮ್ಮದು.

ಇಂಟರ್‌ನೆಟ್‌ನಲ್ಲಿ ಸಿಗುವ ಇಂಗ್ಲಿಷ್ ವಿಡಿಯೊಗಳಲ್ಲಿ ಬಹುಪಾಲು ಅಮೆರಿಕದವು. ಬಿಸಿನೆಸ್ ಕಾರ್ಡ್ ಮಾಡಿಸಿದರೆ ನಿಮ್ಮ ವೈಯಕ್ತಿಕ ಸ್ಕೋರಿಗೆ ಗೊತ್ತೇ ಆಗುವುದಿಲ್ಲ ಎಂದು ಅವರು ಹೇಳುವುದು ಅಲ್ಲಿಯ ಕಥೆ. ಅದನ್ನು ನಂಬಿಕೊಂಡು ಇಲ್ಲಿ ಕಾರ್ಡ್ ತೆಗೆಯಬೇಡಿ.

ಇನ್ನೊಂದು ತಪ್ಪು ಕಲ್ಪನೆ ಜಿಎಸ್‌ಟಿಯದು. ಪರ್ಸನಲ್ ಕಾರ್ಡಿನಲ್ಲಿ ಮಾಲು ಕೊಂಡರೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಸಿಗುವುದಿಲ್ಲ ಎಂದು ಯಾರೋ ಹೇಳಿ ಹೆದರಿಸಿರುತ್ತಾರೆ. ಇನ್‌ಪುಟ್‌ಗೆ ಬೇಕಾಗಿರುವುದು ನಿಮ್ಮ ಜಿಎಸ್‌ಟಿ ನಂಬರ್ ಇರುವ ಬಿಲ್ಲು. ಯಾವ ಕಾರ್ಡ್ ಉಜ್ಜಿದಿರಿ ಅನ್ನುವುದಲ್ಲ. ಬಿಸಿನೆಸ್ ಕಾರ್ಡಿನಲ್ಲಿ ಒಂದು ಸಣ್ಣ ಲಾಭ ಇದೆ: ಕಾರ್ಡಿನ ಫೀಗೆ, ಬಡ್ಡಿಗೆ ಶೇ 18 ಜಿಎಸ್‌ಟಿ ಬೀಳುತ್ತದಲ್ಲ, ಬ್ಯಾಂಕಿಗೆ ನಿಮ್ಮ ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಅದನ್ನು ಇನ್‌ಪುಟ್‌ನಲ್ಲಿ ತೋರಿಸಬಹುದು. ಕಾಂಪೊಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಪದ್ಧತಿಯಲ್ಲಿ, ಇರುವವರಿಗೆ ಅದೂ ಇಲ್ಲ.

ಹಾಗಾದರೆ ಬೇರೆ ಕಾರ್ಡ್ ಯಾಕೆ?

ಲೆಕ್ಕಕ್ಕೆ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಮಾರ್ಚ್ ಮುಗಿದ ಮೇಲೆ ಆಡಿಟರ್ ಮುಂದೆ ಕೂತು, ಈ 3,400 ಇಂಕಿಗೆ ಕೊಟ್ಟಿದ್ದಾ ಮಗಳ ಸೈಕಲ್ಲಿಗೆ ಕೊಟ್ಟಿದ್ದಾ ಎಂದು ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಹಿಡಿದುಕೊಂಡು ತಲೆ ಕೆರೆದುಕೊಂಡವರಿಗೆ ಗೊತ್ತು. ಒಂದು ಕಾರ್ಡ್ ಪೂರ್ತಿ ಅಂಗಡಿಗೆ ಇಟ್ಟರೆ ಆ ಸ್ಟೇಟ್‌ಮೆಂಟೇ ಖರ್ಚಿನ ಪುಸ್ತಕ.

ಅದು ಬಿಸಿನೆಸ್ ಕಾರ್ಡೇ ಆಗಿರಬೇಕೆಂದಿಲ್ಲ, ಎರಡನೇ ಪರ್ಸನಲ್ ಕಾರ್ಡ್ ಆದರೂ ಲೆಕ್ಕ ಬೇರೆ ಇರುತ್ತದೆ. ಆದರೆ ಅಲ್ಲಿ ಎರಡು ತೊಡಕು. ಪರ್ಸನಲ್ ಕಾರ್ಡಿನ ಷರತ್ತುಗಳಲ್ಲಿ ಸಾಮಾನ್ಯವಾಗಿ ವೈಯಕ್ತಿಕ ಬಳಕೆಗೆ ಮಾತ್ರ ಎಂದು ಇರುತ್ತದೆ. ತಿಂಗಳಿಗೆ 10-15 ಸಾವಿರದ ಸಾಮಾನು ತಂದರೆ ಯಾರೂ ಕೇಳಲಿಕ್ಕಿಲ್ಲ. ಒಂದೇ ಹೋಲ್‌ಸೇಲ್ ಅಂಗಡಿಯಲ್ಲಿ ತಿಂಗಳಿಗೆ ಲಕ್ಷಗಟ್ಟಲೆ ಉಜ್ಜಿದರೆ ಪಾಯಿಂಟ್ಸ್ ಹಿಂದಕ್ಕೆ ಪಡೆಯುವುದು, ಕಾರ್ಡನ್ನೇ ನಿಲ್ಲಿಸುವುದು ಎಲ್ಲ ಆಗುತ್ತದೆ. ಎರಡನೆಯದು ಸ್ಕೋರಿನ ವಿಷಯ. ಲಿಮಿಟ್ಟಿನ ಶೇ 30ರ ಒಳಗೆ ಬಳಸಿ ಎಂದು ಎಲ್ಲರೂ ಹೇಳುತ್ತಾರಲ್ಲ, ಅಂಗಡಿ ಮಾಲು ಪರ್ಸನಲ್ ಕಾರ್ಡಿಗೆ ಹಾಕಿದರೆ ಆ ಗೆರೆ ಮೊದಲ ವಾರದಲ್ಲೇ ದಾಟುತ್ತದೆ. ಮುಂದಿನ ವರ್ಷ ಮನೆ ಸಾಲಕ್ಕೆ ಹೋಗುವ ಯೋಚನೆ ಇದ್ದರೆ ಇದು ನೆನಪಿರಲಿ. ಬಿಸಿನೆಸ್ ಕಾರ್ಡ್ ಎಂದ ಮಾತ್ರಕ್ಕೆ ಸ್ಕೋರಿನಿಂದ ಬಚಾವ್ ಎಂದಲ್ಲ, ಆದರೆ ಲಿಮಿಟ್ ಬೇರೆ ಇರುವುದರಿಂದ ಒತ್ತಡ ಹಂಚಿಹೋಗುತ್ತದೆ.

ಆದಾಯ ತೆರಿಗೆ ಇಲಾಖೆಗೂ ಒಂದು ಕಣ್ಣಿದೆ. ವರ್ಷದಲ್ಲಿ ಕಾರ್ಡ್ ಬಿಲ್ಲಿಗೆ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕಟ್ಟಿದರೆ, ಅಥವಾ ನಗದಿನಲ್ಲಿ 1 ಲಕ್ಷ ಕಟ್ಟಿದರೆ, ಬ್ಯಾಂಕ್ ಅದನ್ನು ವರದಿ ಮಾಡುತ್ತದೆ. ನಿಮ್ಮ ಐಟಿಆರ್‌ನಲ್ಲಿ 4 ಲಕ್ಷ ಆದಾಯ, ಕಾರ್ಡಿನಲ್ಲಿ 12 ಲಕ್ಷ ಖರ್ಚು ಎಂದಿದ್ದರೆ ಪ್ರಶ್ನೆ ಬರಬಹುದು. ಅಂಗಡಿ ಕಾರ್ಡ್ ಬೇರೆ ಇದ್ದು ಖರೀದಿ ಬಿಲ್ಲುಗಳು ಜೊತೆಗಿದ್ದರೆ ಉತ್ತರ ಹತ್ತು ನಿಮಿಷದ ಕೆಲಸ.

ಉದ್ಯೋಗಿಗಳಿಗೆ ಆಡ್-ಆನ್ ಕಾರ್ಡ್ ಕೊಡುವ ಸೌಲಭ್ಯ, ತೆರಿಗೆ ಮತ್ತು ಬಿಸಿನೆಸ್ ಬಿಲ್ಲುಗಳಿಗೆ ಪಾಯಿಂಟ್ಸ್, ಇವೆಲ್ಲ ಬಿಸಿನೆಸ್ ಕಾರ್ಡಿನ ಕಡೆಗಿರುವ ಅಂಶಗಳು. ಎಚ್‌ಡಿಎಫ್‌ಸಿಯ ಬಿಜ್‌ಫಸ್ಟ್, ಬಿಜ್‌ಗ್ರೋ, ಬಿಜ್‌ಪವರ್, ಬಿಜ್‌ಬ್ಲ್ಯಾಕ್ ಸಾಲು ಸ್ವಂತ ಉದ್ಯೋಗದವರಿಗೆಂದೇ ಇರುವುದು. ಅವುಗಳಲ್ಲಿ ಮೇಲೆ ಹೋದಷ್ಟೂ ಫೀ ಜಾಸ್ತಿ. ಬೇರೆ ಬ್ಯಾಂಕುಗಳಲ್ಲೂ ಇಂಥವು ಇವೆ. ಫೀ ಮತ್ತು ಪಾಯಿಂಟ್ಸಿನ ನಿಯಮ ವರ್ಷಕ್ಕೆರಡು ಸಲ ಬದಲಾಗುವುದರಿಂದ ಇಲ್ಲಿ ಪಟ್ಟಿ ಬರೆದು ಪ್ರಯೋಜನವಿಲ್ಲ, ಅರ್ಜಿ ಹಾಕುವ ದಿನ ಬ್ಯಾಂಕಿನ ಪುಟದಲ್ಲೇ ನೋಡಿ. ಮೊದಲ ಸಲ ತೆಗೆಯುವವರಿಗೆ ನನ್ನ ಮಾತು: ಸಾಲಿನ ಕೆಳಗಿನ ಕಾರ್ಡ್ ಸಾಕು.

ಮಿನಿಮಮ್ ಡ್ಯೂ ಎಂಬ ಹಳ್ಳ

ಈಗ ದಂಡದ ಕಥೆ. ಆ ವರ್ಷ ಕಾರ್ಡಿನಲ್ಲಿ 1,40,000 ರೂಪಾಯಿಯ ಮಾಲು ಹಾಕಿಸಿದ್ದೆ. ಅರ್ಧ ಲಗ್ನಪತ್ರಿಕೆಗೆ, ಅರ್ಧ ಒಂದು ಶಾಲೆಯ ಡೈರಿ, ಹಾಲ್ ಟಿಕೆಟ್, ಪ್ರೋಗ್ರೆಸ್ ಕಾರ್ಡ್ ಕೆಲಸಕ್ಕೆ. ಲಗ್ನಪತ್ರಿಕೆಯವರು ಅರ್ಧ ಮುಂಗಡ, ಅರ್ಧ ಕೈಗೆ ಕೊಟ್ಟಾಗ, ಕ್ಲಿಯರ್. ಶಾಲೆಯ ಬಿಲ್ಲು ಮಾತ್ರ ಮುಂದಿನ ವಾರ, ಮುಂದಿನ ವಾರ ಎಂದು ಮೂರು ತಿಂಗಳು ಎಳೆಯಿತು. ಬಂದಿದ್ದ ದುಡ್ಡು ಬಾಡಿಗೆಗೆ, ಕೂಲಿಗೆ ಹೋಯಿತು. ಕಾರ್ಡ್ ಬಿಲ್ಲಿನಲ್ಲಿ ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, 7 ಸಾವಿರ ಎಂದಿತ್ತು. ಅಷ್ಟು ಕಟ್ಟಿದರೆ ಸಾಕಲ್ಲ ಎಂದು ಕಟ್ಟಿದೆ.

ಸಾಕಾಗುವುದಿಲ್ಲ. ಮಿನಿಮಮ್ ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ ಅಷ್ಟೆ. ತಿಂಗಳಿಗೆ ಶೇ 3.5 ಬಡ್ಡಿ ಎಂದರೆ 1,40,000ಕ್ಕೆ 4,900. ಅದರ ಮೇಲೆ ಶೇ 18 ಜಿಎಸ್‌ಟಿ 882. ಒಟ್ಟು 5,782, ಒಂದು ತಿಂಗಳಿಗೆ. ಬಡ್ಡಿ ಎಣಿಸುವುದು ಬಿಲ್ಲಿನ ದಿನದಿಂದಲ್ಲ, ಮಾಲು ಕೊಂಡ ದಿನದಿಂದ. ಇನ್ನೂ ಕೆಟ್ಟದ್ದೇನೆಂದರೆ ಬಾಕಿ ಇರುವಷ್ಟು ದಿನ ಹೊಸದಾಗಿ ಉಜ್ಜಿದ್ದಕ್ಕೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ. ಮೂರು ತಿಂಗಳಿಗೆ 17 ಸಾವಿರ. ಆ ಶಾಲೆಯ ಕೆಲಸದಲ್ಲಿ ನನಗೆ ಉಳಿದಿದ್ದೇ ಅಷ್ಟು. ಅಂದರೆ ಮೂರು ತಿಂಗಳು ಬ್ಯಾಂಕಿಗಾಗಿ ಪ್ರಿಂಟ್ ಹೊಡೆದೆ.

ಇದರಲ್ಲಿ ಬ್ಯಾಂಕಿನ ತಪ್ಪೇನಿಲ್ಲ, ಎಲ್ಲ ಷರತ್ತಿನಲ್ಲಿ ಬರೆದೇ ಇತ್ತು. 90 ದಿನಕ್ಕೆ ಬರುವ ದುಡ್ಡಿಗೆ 45 ದಿನ ಬಡ್ಡಿಯಿಲ್ಲದ ಕಾರ್ಡ್ ಬಳಸಿದ್ದು ನನ್ನ ತಪ್ಪು.

ಹಾಗಾಗಿ ಗೆರೆ ಇಲ್ಲಿ ಎಳೆಯಿರಿ. ಕೈಯಲ್ಲಿ ಕಾಸು, ಬಾಯಲ್ಲಿ ದೋಸೆ ಎನ್ನುವ ವ್ಯಾಪಾರವಾದರೆ, ಅಂದರೆ ಬೇಕರಿ, ಹೋಟೆಲ್, ಸ್ಟೇಷನರಿ, ಬ್ಯೂಟಿ ಪಾರ್ಲರ್, ನಿಮಗೆ ಕಾರ್ಡ್ ಚೆನ್ನಾಗಿ ಹೊಂದುತ್ತದೆ. ಸರ್ಕಾರಿ ಕಚೇರಿ, ಶಾಲೆ, ದೊಡ್ಡ ಕಂಪನಿ, ಕಂಟ್ರಾಕ್ಟರ್ ನಿಮ್ಮ ಗಿರಾಕಿಯಾದರೆ ಆ ಕೆಲಸದ ಮಾಲು ಕಾರ್ಡಿನಲ್ಲಿ ತರಬೇಡಿ. ಅದಕ್ಕೆ ಓಡಿ.

ಹೋಲ್‌ಸೇಲಿನವನ ಶೇ 2

ಕಾರ್ಡಿನ ಜಾಹೀರಾತಿನಲ್ಲಿ 50 ದಿನ ಬಡ್ಡಿ ಇಲ್ಲ ಎಂದಿರುತ್ತದೆ. 50 ಎನ್ನುವುದು ಅತಿ ಹೆಚ್ಚು. ಬಿಲ್ 5ನೇ ತಾರೀಖು ಬರುತ್ತದೆ, ಕಟ್ಟುವುದು 25ಕ್ಕೆ ಎಂದಿಟ್ಟುಕೊಳ್ಳಿ. ಮೇ 6ಕ್ಕೆ ಕೊಂಡಿದ್ದು ಜೂನ್ 5ರ ಬಿಲ್ಲಿಗೆ ಬರುತ್ತದೆ, ಜೂನ್ 25ಕ್ಕೆ ಕಟ್ಟುತ್ತೀರಿ, 50 ದಿನ ಸಿಕ್ಕಿತು. ಜೂನ್ 4ಕ್ಕೆ ಕೊಂಡಿದ್ದನ್ನೂ ಜೂನ್ 25ಕ್ಕೇ ಕಟ್ಟಬೇಕು, 21 ದಿನ. ತಿಂಗಳಿಡೀ ಸಮನಾಗಿ ಖರೀದಿ ಮಾಡುವವರಿಗೆ ಸರಾಸರಿ 35 ದಿನ ಎಂದು ಹಿಡಿಯಿರಿ.

ಈಗ ಪೇಟೆಗೆ ಹೋಗೋಣ. ಪೇಪರ್ ಅಂಗಡಿಯವನು ಕಾರ್ಡ್ ಮೆಷಿನ್ ತೆಗೆಯುವ ಮೊದಲೇ ಹೇಳುತ್ತಾನೆ, ‘ಕಾರ್ಡಾದರೆ ಶೇ 2 ಜಾಸ್ತಿ ಆಗ್ತದೆ ನೋಡಿ ಸರ್.’ ಅವನ ಬ್ಯಾಂಕ್ ಅವನಿಂದ ಕತ್ತರಿಸುವುದನ್ನು ಅವನು ನಿಮ್ಮ ಮೇಲೆ ಹಾಕುತ್ತಾನೆ. 1 ಲಕ್ಷದ ಮಾಲಿಗೆ 2,000. ಅದೇ 1 ಲಕ್ಷವನ್ನು ಶೇ 12ರ ಓಡಿಯಿಂದ ಕೊಟ್ಟು 35 ದಿನ ಬಿಟ್ಟು ತುಂಬಿದರೆ ಬಡ್ಡಿ ಸುಮಾರು 1,150. ಬಡ್ಡಿ ಇಲ್ಲ ಎನ್ನುವ ಕಾರ್ಡೇ ದುಬಾರಿಯಾಯಿತು, ಅಲ್ವಾ? ನಗದು ಕೊಟ್ಟರೆ ಅವನು ಶೇ 1 ಬಿಡುತ್ತಾನೆ ಎಂದಾದರೆ ಕಾರ್ಡಿನ ಲೆಕ್ಕ ಇನ್ನೂ ಕೆಡುತ್ತದೆ. ಕಾರ್ಡ್ ನಿಮಗೆ ಶೇ 1 ಪಾಯಿಂಟ್ಸ್ ವಾಪಸ್ ಕೊಟ್ಟರೆ ಎರಡೂ ಹೆಚ್ಚುಕಮ್ಮಿ ಸರಿಸಮ. ಮೇಲೇನೂ ಹಾಕದೆ ಕಾರ್ಡ್ ತೆಗೆದುಕೊಳ್ಳುವ ಅಂಗಡಿ, ಆನ್‌ಲೈನ್ ಸಪ್ಲೈಯರ್, ಕೊರಿಯರ್, ಸಾಫ್ಟ್‌ವೇರ್, ಜಾಹೀರಾತು, ಇವುಗಳಿಗೆ ಮಾತ್ರ ಕಾರ್ಡ್ ಕಣ್ಣು ಮುಚ್ಚಿ ಗೆಲ್ಲುತ್ತದೆ.

ಆದ್ದರಿಂದ ಅರ್ಜಿ ಹಾಕುವ ಮುಂಚೆ ನಿಮ್ಮ ದೊಡ್ಡ ನಾಲ್ಕೈದು ಸಪ್ಲೈಯರ್‌ಗಳನ್ನು ಕೇಳಿ: ಕಾರ್ಡ್ ತಗೊಳ್ತೀರಾ, ಮೇಲೆ ಎಷ್ಟು ಹಾಕ್ತೀರಾ. ನೀವು ಕೊಳ್ಳುವುದರಲ್ಲಿ ಶೇ 80 ಭಾಗ ಕಾರ್ಡ್ ಮುಟ್ಟದವರ ಹತ್ತಿರವೇ ಎಂದಾದರೆ ಈ ಬರಹ ಇಲ್ಲಿಗೇ ಬಿಟ್ಟು ಬ್ಯಾಂಕಿಗೆ ಹೋಗಿ ಓಡಿ ಕೇಳಬಹುದು.

ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ದಾರಿ 2022ರಲ್ಲಿ ತೆರೆಯಿತು. ಮೆಷಿನ್ ಇಲ್ಲದ ಸಣ್ಣ ಸಪ್ಲೈಯರ್‌ಗೆ ಕ್ಯೂಆರ್ ಸ್ಕ್ಯಾನ್ ಮಾಡಿ ಕ್ರೆಡಿಟ್ಟಿನಲ್ಲಿ ಕೊಡಬಹುದು. ಆದರೆ ಅದು ವ್ಯಾಪಾರಿ ಕ್ಯೂಆರ್ ಆಗಿರಬೇಕು, ಅಂಗಡಿಯವನ ಸ್ವಂತ ಫೋನಿನ ನಂಬರಿಗೆ ಹೋಗುವುದಿಲ್ಲ. ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗೆ ಕಡಿತ ಇಲ್ಲ, ಅದರ ಮೇಲೆ ಅವನಿಗೆ ಬೀಳುತ್ತದೆ, ಹಾಗಾಗಿ ದೊಡ್ಡ ಮೊತ್ತಕ್ಕೆ ಮುಖ ಸಿಂಡರಿಸುತ್ತಾನೆ. ಗಮ್, ಟೇಪು, ಚಹಾ, ಆಟೊ ಬಾಡಿಗೆಯಂಥ ಚಿಲ್ಲರೆ ಖರ್ಚಿಗೆ ಇದು ಸೊಗಸಾಗಿದೆ. ಎರಡು ಕಾರ್ಡುಗಳ ನಡುವೆ ತೂಗುತ್ತಿದ್ದರೆ ರುಪೇ ಇರುವುದನ್ನು ಹಿಡಿಯಿರಿ.

ಡಾಲರಿನಲ್ಲಿ ಕಟ್ಟುವವರಿಗೆ, ಮುಖ್ಯವಾಗಿ ಡಿಸೈನ್, ಕೋಡಿಂಗ್ ಹುಡುಗರಿಗೆ, ಒಂದೇ ಮಾತು: ಫಾರಿನ್ ಮಾರ್ಕಪ್, ಅಂದರೆ ವಿದೇಶಿ ಹಣದಲ್ಲಿ ಕಟ್ಟಿದಾಗ ಬ್ಯಾಂಕ್ ಮೇಲೆ ಹಾಕುವ ಶುಲ್ಕ, ನೋಡಿ. ಸಾಮಾನ್ಯವಾಗಿ ಶೇ 3.5ರ ಹತ್ತಿರ ಇರುತ್ತದೆ, ಅದರ ಮೇಲೂ ಜಿಎಸ್‌ಟಿ.

ಐಟಿಆರ್‌ನಲ್ಲಿ ಸಿಕ್ಕಿಬೀಳುವುದು

ಸಣ್ಣ ವ್ಯಾಪಾರಿಗಳ ಅರ್ಜಿ ಬಿದ್ದುಹೋಗುವುದನ್ನು ನಾನು ಜಾಸ್ತಿ ನೋಡಿರುವುದು ಸ್ಕೋರಿನಿಂದಲ್ಲ, ಆದಾಯದಿಂದ. ವ್ಯಾಪಾರ ಜೋರಾಗಿರುತ್ತದೆ, ಕಾಗದದಲ್ಲಿ ಬಡತನ.

ಅದು ಹೇಗೆ ಆಗುತ್ತದೆಂದರೆ, ನಮ್ಮಲ್ಲಿ ಬಹಳ ಜನ ಇನ್ನೂ 44ಎಡಿ ಎಂದೇ ಕರೆಯುವ ಅಂದಾಜು ಲೆಕ್ಕದ ಪದ್ಧತಿಯಲ್ಲಿ ರಿಟರ್ನ್ ಹಾಕುತ್ತಾರೆ. ಬ್ಯಾಂಕ್, ಯುಪಿಐ ಮೂಲಕ ಬಂದ ವಹಿವಾಟಿನ ಶೇ 6, ನಗದಿನ ಶೇ 8 ಲಾಭ ಎಂದು ತೋರಿಸಿದರೆ ಲೆಕ್ಕದ ಪುಸ್ತಕ ಕೇಳುವುದಿಲ್ಲ. 40 ಲಕ್ಷ ವಹಿವಾಟು, ಎಲ್ಲ ಬ್ಯಾಂಕಿನಲ್ಲೇ ಬಂದಿದೆ ಎಂದರೆ ಶೇ 6ರಂತೆ 2.4 ಲಕ್ಷ. ಆಡಿಟರ್ ಅಷ್ಟನ್ನೇ ಹಾಕುತ್ತಾರೆ, ನೀವೂ ಖುಷಿ. ಕಾರ್ಡ್ ಅರ್ಜಿ ನೋಡುವವನ ಕಣ್ಣಿಗೆ ಬೀಳುವುದು 40 ಲಕ್ಷವಲ್ಲ, 2.4 ಲಕ್ಷ. ತಿಂಗಳಿಗೆ 20 ಸಾವಿರ ದುಡಿಯುವವನಿಗೆ 3 ಲಕ್ಷದ ಲಿಮಿಟ್ ಯಾರು ಕೊಡುತ್ತಾರೆ?

ಶೇ 6 ಎನ್ನುವುದು ಕನಿಷ್ಠ. ನಿಜವಾಗಿ ಉಳಿದಿದ್ದು ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಬೇಕು. ಮೊದಲಾದರೆ ತೆರಿಗೆ ಹೆದರಿಕೆ ಇತ್ತು ಎನ್ನೋಣ. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಹಾಗಿದ್ದ ಮೇಲೆ 7 ಲಕ್ಷ ಉಳಿಸಿದವರು 2.4 ಲಕ್ಷ ಎಂದು ತೋರಿಸಿ ಏನು ಉಳಿಸಿದಂತಾಯಿತು? ಒಂದು ರೂಪಾಯಿ ತೆರಿಗೆ ಉಳಿಯಲಿಲ್ಲ, ಕಾರ್ಡೂ ಹೋಯಿತು, ನಾಳೆ ಮನೆ ಸಾಲವೂ ಹೋಯಿತು. ಕಾರ್ಡ್ ಬೇಕೆನ್ನುವವರು ಈ ಸಲದ ರಿಟರ್ನ್ ಹಾಕುವ ಮುಂಚೆ ಆಡಿಟರ್ ಹತ್ತಿರ ಇದೊಂದು ಮಾತು ಆಡಿ. ಕಾರ್ಡಿಗಾಗಿ ಇಲ್ಲದ ಆದಾಯ ತೋರಿಸಿ ಎಂದಲ್ಲ, ಇರುವುದನ್ನು ಮುಚ್ಚಬೇಡಿ ಎಂದಷ್ಟೇ.

ಇನ್ನೊಂದು ತಪ್ಪು ಇದಕ್ಕೆ ಉಲ್ಟಾ. ಅರ್ಜಿಯಲ್ಲಿ ವಾರ್ಷಿಕ ಆದಾಯ ಎನ್ನುವ ಜಾಗದಲ್ಲಿ ವಹಿವಾಟು ಬರೆಯುವುದು. 40 ಲಕ್ಷ ಎಂದು ಬರೆದು ಐಟಿಆರ್ 2.4 ಲಕ್ಷದ್ದು ಕೊಟ್ಟರೆ ಅವರಿಗೆ ನೀವು ಸುಳ್ಳುಗಾರರ ಹಾಗೆ ಕಾಣುತ್ತೀರಿ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನಲ್ಲಿ ಎಷ್ಟೋ ಕಡೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂದು ಚೀಟಿ ಅಂಟಿಸಿದ್ದು ನೆನಪಿದೆಯಲ್ಲ. ಭಯ ಅರ್ಥವಾಗುತ್ತದೆ. ಆದರೆ ಕ್ಯೂಆರ್ ಕಿತ್ತರೆ ಬ್ಯಾಂಕ್ ಸ್ಟೇಟ್‌ಮೆಂಟ್ ಬರಿದಾಗುತ್ತದೆ, ಬರಿದಾದ ಸ್ಟೇಟ್‌ಮೆಂಟಿಗೆ ಸಾಲವೂ ಇಲ್ಲ ಕಾರ್ಡೂ ಇಲ್ಲ. ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು ಮಾಲು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ದಾಟಿದ್ದರೆ ಮಾಡಿಸಿಬಿಡಿ. ಆ ಸರ್ಟಿಫಿಕೇಟ್ ಕಾರ್ಡ್ ಅರ್ಜಿಗೂ ಒಂದು ದಾಖಲೆ.

ದಾಖಲೆ, ಅದಕ್ಕಿಂತ ಹೆಚ್ಚಾಗಿ ಹೆಸರು

ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದ ಪ್ರಕಾರ ಪ್ರೊಪ್ರೈಟರ್ ಆದವರು ತಮ್ಮ ಗುರುತಿನ ಜೊತೆಗೆ ಅಂಗಡಿ ಇದೆ ಎನ್ನುವುದಕ್ಕೆ ಎರಡು ದಾಖಲೆ ಕೊಡಬೇಕು. ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ ಪತ್ರ), ಜಿಎಸ್‌ಟಿ ಸರ್ಟಿಫಿಕೇಟ್, ಅಂಗಡಿ ನೋಂದಣಿ, ಪಾಲಿಕೆಯ ಲೈಸೆನ್ಸ್, ಅಂಗಡಿ ಆದಾಯ ತೋರಿಸುವ ಪೂರ್ತಿ ಐಟಿಆರ್, ಅಂಗಡಿಯ ಕರೆಂಟ್ ಬಿಲ್, ಹೀಗೆ. ಎರಡು ನಿಜವಾಗಿಯೂ ಸಿಗದಿದ್ದರೆ, ಬ್ಯಾಂಕಿಗೆ ಒಪ್ಪಿಗೆಯಾದರೆ, ಒಂದರಲ್ಲೇ ಅಂಗಡಿಗೆ ಬಂದು ನೋಡಿ ಮುಗಿಸಬಹುದು.

ಕರೆಂಟ್ ಬಿಲ್ ನಂಬಿಕೊಳ್ಳಬೇಡಿ. ಬಾಡಿಗೆ ಮಳಿಗೆಯ ಬೆಸ್ಕಾಂ ಬಿಲ್ ಮಾಲೀಕರ ಹೆಸರಲ್ಲೋ ಅವರ ತೀರಿಕೊಂಡ ತಂದೆಯ ಹೆಸರಲ್ಲೋ ಇರುತ್ತದೆ. ಸುಲಭದ್ದು ಉದ್ಯಮ್. 2020ರ ಜುಲೈ 1ರಿಂದ ಇರುವ ವ್ಯವಸ್ಥೆ, ಆಧಾರ್ ಇದ್ದರೆ ಅರ್ಧ ಗಂಟೆಯ ಕೆಲಸ, ಸರ್ಕಾರಿ ಪೋರ್ಟಲ್‌ನಲ್ಲಿ ಒಂದು ಪೈಸೆಯೂ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರಿ ಪುಟದ ವೇಷ ಹಾಕಿಕೊಂಡು ದುಡ್ಡು ಕೇಳುವವು ಮೇಲೆ ಬರುತ್ತವೆ, ಹುಷಾರು. ಅಂಗಡಿ ನೋಂದಣಿ ರಾಜ್ಯದ ಇ-ಕಾರ್ಮಿಕ ಪೋರ್ಟಲ್‌ನಲ್ಲಿ ಆಗುತ್ತದೆ.

ನಿಜವಾದ ಗೋಳು ಹೆಸರಿನದು. ನಮಗೆ ಕನ್ನಡದವರಿಗೆ ಇನಿಷಿಯಲ್ ಎನ್ನುವುದು ಹುಟ್ಟಿನಿಂದ ಬಂದ ತಲೆನೋವು. ಆಧಾರಿನಲ್ಲಿ ಮಂಜುನಾಥ ಎಚ್ ಎಂ, ಪ್ಯಾನಿನಲ್ಲಿ ಆ ಎಚ್ ಎಂದರೆ ಊರು, ಎಂ ಎಂದರೆ ಅಪ್ಪ ಎಂದು ಬಿಡಿಸಿ ಬರೆದು ಊರೇ ಮೊದಲ ಹೆಸರಾಗಿರುತ್ತದೆ. ಬ್ಯಾಂಕಿನಲ್ಲಿ ಇನ್ನೊಂದು ಥರ. ಆನ್‌ಲೈನ್ ಅರ್ಜಿಯಲ್ಲಿ ಇವು ಹೊಂದದಿದ್ದರೆ ಕಂಪ್ಯೂಟರ್ ಅಲ್ಲೇ ನಿಲ್ಲಿಸುತ್ತದೆ. ಅಂಗಡಿ ಹೆಸರೂ ಹಾಗೆ, ಬೋರ್ಡಿನಲ್ಲಿ ಪ್ರಿಂಟರ್ಸ್, ಉದ್ಯಮ್‌ನಲ್ಲಿ ಪ್ರಿಂಟಿಂಗ್ ಪ್ರೆಸ್, ಕರೆಂಟ್ ಅಕೌಂಟಿನಲ್ಲಿ ಪ್ರಿಂಟ್ಸ್. ನನ್ನ ಮೊದಲ ಅರ್ಜಿ ಇದರಲ್ಲೇ ಎರಡು ತಿಂಗಳು ತಿಂದಿತು. ಅರ್ಜಿಗೆ ಮುಂಚೆ ಎಲ್ಲ ಕಾಗದ ಮೇಜಿನ ಮೇಲೆ ಹರಡಿಕೊಂಡು ಅಕ್ಷರ ಅಕ್ಷರ ನೋಡಿ ಸರಿ ಮಾಡಿಸಿ.

ಎಫ್‌ಡಿ ಇಟ್ಟು ತೆಗೆಯುವ ಕಾರ್ಡ್

ಐಟಿಆರ್ ಇಲ್ಲ, ಅಂಗಡಿ ಶುರುವಾಗಿ ಆರು ತಿಂಗಳು, ಸ್ಕೋರೇ ಇಲ್ಲ. ಇಂಥವರಿಗೆ ಎಫ್‌ಡಿ ಮೇಲಿನ ಕಾರ್ಡೇ ದಾರಿ. ಎಸ್‌ಬಿಐ ಕಾರ್ಡಿನ ಉನ್ನತಿಗೆ 25 ಸಾವಿರದ ಎಫ್‌ಡಿ ಸಾಕು, ಬೇರೆ ಬ್ಯಾಂಕುಗಳಲ್ಲೂ ಇಂಥವಿವೆ. ಆದಾಯ ಕೇಳುವುದಿಲ್ಲ, ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ವರ್ಷವೊಂದು ಸರಿಯಾಗಿ ಕಟ್ಟಿದರೆ ಸ್ಕೋರ್ ಹುಟ್ಟುತ್ತದೆ. ಸೊಸೈಟಿಯಲ್ಲಿ ಪಿಗ್ಮಿ ಕಟ್ಟುತ್ತಿದ್ದೇನೆ, ಅದು ನಡೆಯುವುದಿಲ್ಲವಾ ಎಂದು ಕೇಳುವವರಿದ್ದಾರೆ. ಅದು ನಮ್ಮ ಕರಾವಳಿಯಲ್ಲಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಚೆಂದದ ಉಳಿತಾಯ, ಆದರೆ ಕಾರ್ಡ್ ಕೊಡುವ ಬ್ಯಾಂಕಿಗೆ ತನ್ನಲ್ಲೇ ಇರುವ ಎಫ್‌ಡಿ ಬೇಕು.

ಆದರೆ ಕೈಯಲ್ಲಿ ಎಫ್‌ಡಿ ಇದ್ದು, ಬೇಕಾಗಿರುವುದು ಸ್ಕೋರಲ್ಲ ದುಡ್ಡು ಎಂದಾದರೆ, ಅದೇ ಎಫ್‌ಡಿ ಮೇಲೆ ಓಡಿ ಕೇಳಿ. ಬಡ್ಡಿ ಎಫ್‌ಡಿ ದರಕ್ಕಿಂತ ಶೇ 1-2 ಮೇಲೆ, ಬಳಸಿದಷ್ಟಕ್ಕೆ, ಬಳಸಿದಷ್ಟು ದಿನಕ್ಕೆ. 80 ಸಾವಿರವನ್ನು 60 ದಿನ ಬಳಸಿ ಶೇ 8.5 ಕೊಟ್ಟರೆ 1,118 ರೂಪಾಯಿ. ಕಾರ್ಡಿನಲ್ಲಿ ಎರಡು ತಿಂಗಳ ಬಡ್ಡಿ ಬಿದ್ದರೆ ಜಿಎಸ್‌ಟಿ ಸೇರಿ 6,608.

ಓಡಿ, ಮುದ್ರಾ, ಉದ್ಯಮ್ ಕಾರ್ಡ್

ಕರೆಂಟ್ ಅಕೌಂಟಿನ ಓಡಿ ಪಡೆಯುವುದು ಕಾರ್ಡಿಗಿಂತ ಕಷ್ಟ, ಮ್ಯಾನೇಜರ್ ಮುಂದೆ ನಾಲ್ಕು ಸಲ ಕೂರಬೇಕು, ವರ್ಷ ವರ್ಷ ನವೀಕರಿಸಬೇಕು. ಆದರೆ ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ 40ರ ಮೇಲೆ ಇರುವಾಗ ಓಡಿಯದು ಅದರ ಮೂರನೇ ಒಂದು ಭಾಗದ ಆಸುಪಾಸು. ಅಡ ಇಡಲು ಏನೂ ಇಲ್ಲದವರು ಕೇಂದ್ರ ಸರ್ಕಾರದ ಯೋಜನೆಯ ಮುದ್ರಾ ಸಾಲ ಕೇಳಿ. ಶಿಶು 50 ಸಾವಿರದವರೆಗೆ, ಕಿಶೋರ್ 5 ಲಕ್ಷ, ತರುಣ್ 10 ಲಕ್ಷ, ತರುಣ್ ತೀರಿಸಿದವರಿಗೆ ತರುಣ್ ಪ್ಲಸ್ 20 ಲಕ್ಷ. ಮುದ್ರಾ ಕಾರ್ಡ್ ಎಂದು ಕೊಡುವುದು ಆ ಸಾಲದ ಖಾತೆಯ ರುಪೇ ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್ ಎಂದು ತಿಳಿದುಕೊಂಡು 45 ದಿನ ಬಡ್ಡಿ ಇಲ್ಲ ಎಂದುಕೊಳ್ಳಬೇಡಿ.

2025ರ ಬಜೆಟ್‌ನಲ್ಲಿ ಉದ್ಯಮ್‌ನಲ್ಲಿ ನೋಂದಾಯಿಸಿದ ಅತಿಸಣ್ಣ ಉದ್ಯಮಗಳಿಗೆ 5 ಲಕ್ಷ ಲಿಮಿಟ್ಟಿನ ಕಾರ್ಡ್, ಮೊದಲ ವರ್ಷ ಅಂಥ 10 ಲಕ್ಷ ಕಾರ್ಡುಗಳನ್ನು ಕೊಡುತ್ತೇವೆ ಎಂದು ಘೋಷಿಸಿದರು. ನಿಮ್ಮ ಶಾಖೆಯಲ್ಲಿ ಕೇಳಿ. ಅದಕ್ಕಾದರೂ ಉದ್ಯಮ್ ಮಾಡಿಸಿಟ್ಟುಕೊಳ್ಳಿ.

ಅರ್ಜಿ ಹಾಕುವಾಗ

ನಿಮ್ಮ ಕ್ರೆಡಿಟ್ ರಿಪೋರ್ಟ್, ಸಾಲದ ಲೆಕ್ಕ ಇಡುವ ನಾಲ್ಕೂ ಬ್ಯೂರೊಗಳಿಂದ (ಸಿಬಿಲ್ ಅವುಗಳಲ್ಲೊಂದು), ವರ್ಷಕ್ಕೊಂದು ಸಲ ಉಚಿತ. ಮೊದಲು ಅದನ್ನು ನೋಡಿ, ಎಂದೋ ತೀರಿಸಿದ ಬೈಕ್ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿರಬಹುದು. ಸ್ಕೋರ್ 750ರ ಮೇಲಿದ್ದರೆ ಚಿಂತೆಯಿಲ್ಲ. ಕರೆಂಟ್ ಅಕೌಂಟ್ ಎಲ್ಲಿದೆಯೋ ಆ ಬ್ಯಾಂಕಿನಲ್ಲೇ ಮೊದಲು ಕೇಳಿ, ನಿಮ್ಮ ದುಡ್ಡಿನ ಓಡಾಟ ಅವರ ಕಣ್ಣೆದುರಿಗೇ ಇದೆ. ಒಂದೇ ವಾರದಲ್ಲಿ ಐದು ಕಡೆ ಹಾಕಬೇಡಿ, ಪ್ರತಿ ಅರ್ಜಿಯೂ ರಿಪೋರ್ಟಿನಲ್ಲಿ ದಾಖಲಾಗುತ್ತದೆ. ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮದಲ್ಲಿದೆ. ‘ಪಾಲಿಸಿ ಪ್ರಕಾರ ಇಲ್ಲ ಸರ್’ ಎಂದರೆ ಬಿಡಬೇಡಿ, ಕೇಳಿ ಪಡೆಯಿರಿ. ಪರಿಶೀಲನೆಗೆ ಬರುವವನು ಅಂಗಡಿ ಬೋರ್ಡಿನ ಫೋಟೊ ತೆಗೆಯುತ್ತಾನೆ, ಆ ದಿನ ಶಟರ್ ಎಳೆದು ಮದುವೆಗೆ ಹೋಗಿರಬೇಡಿ.

ಬೇಡವೆನಿಸಿದರೆ ಬಾಕಿ ಕಟ್ಟಿ ಕಾರ್ಡ್ ಮುಚ್ಚಲು ಹೇಳಿ, 7 ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ತಡವಾದ ಪ್ರತಿ ದಿನಕ್ಕೂ ಬ್ಯಾಂಕ್ ನಿಮಗೆ 500 ರೂಪಾಯಿ ಕೊಡಬೇಕು.

ಕಾರ್ಡ್ ಕೈಗೆ ಬಂದರೆ ಮೊದಲ ಕೆಲಸ ಬಿಲ್ಲಿನ ದಿನ ಬದಲಿಸುವುದು. ಬಿಲ್ಲಿನ ಚಕ್ರವನ್ನು ಕನಿಷ್ಠ ಒಂದು ಸಲ ನಮ್ಮ ಅನುಕೂಲಕ್ಕೆ ಬದಲಿಸಿಕೊಳ್ಳುವ ಅವಕಾಶ ಕೊಡಲೇಬೇಕೆಂದು 2024ರ ಮಾರ್ಚ್‌ನಲ್ಲಿ ನಿಯಮ ಬಂತು, ಬಹಳ ಜನರಿಗೆ ಇದು ಗೊತ್ತೇ ಇಲ್ಲ. ನನ್ನ ಕಚೇರಿ ಗಿರಾಕಿಗಳ ಚೆಕ್ಕುಗಳು ತಿಂಗಳ 5ರಿಂದ 10ರ ಒಳಗೆ ಬರುತ್ತವೆ. ಕಾರ್ಡಿನ ಕೊನೆಯ ದಿನ 2ನೇ ತಾರೀಖು ಇತ್ತು, ಪ್ರತಿ ತಿಂಗಳೂ ಮೂರು ದಿನ ಹೆಂಡತಿಯ ಹತ್ತಿರ ಕೈಸಾಲ. ಫೋನ್ ಮಾಡಿ 15ಕ್ಕೆ ಹಾಕಿಸಿಕೊಂಡೆ. ಶಾಲೆಯ ಕೆಲಸದ ಪೇಪರ್ ಈಗ ಓಡಿಯಲ್ಲಿ ಬರುತ್ತದೆ, ಲಗ್ನಪತ್ರಿಕೆಯದು ಕಾರ್ಡಿನಲ್ಲಿ. ಜ್ಯೇಷ್ಠದ ಕೊನೆಯ ಮುಹೂರ್ತಕ್ಕೆ ಎರಡು ವಾರ ಇರುವಾಗಲೇ ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ.